ಬರೆಯದ ಮಾತು ಭರವಸೆಯಲ್ಲ

“ನಡೀತದ ಬಿಡ್ರಿ ಸರ್, ಫೈಲ್ ಬರೋಬ್ಬರಿ ಓದ್ತದ.”

ಲ್ಯಾಬಿನಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ‘ರೀಡ್’ ಎಂಬ ಸಿಸ್ಟಮ್ ಕಾಲ್ ಬಳಸಿ ಫೈಲು ಓದುವ ಪ್ರೋಗ್ರಾಮು ಬರೆದ ವಿದ್ಯಾರ್ಥಿ, ಪರದೆಯ ಮೇಲೆ ಅಕ್ಷರ ಮೂಡಿದ ಕೂಡಲೇ ರೆಕಾರ್ಡ್ ಪುಸ್ತಕ ಮುಂದೆ ಹಿಡಿಯುತ್ತಾನೆ. ರೀಡ್ ಏನು ಹಿಂದಿರುಗಿಸಿತಪ್ಪಾ ಎಂದರೆ ಉತ್ತರವಿಲ್ಲ. ರೀಡ್ ಕೊಟ್ಟ ಉತ್ತರವನ್ನು ಅವನ ಪ್ರೋಗ್ರಾಮು ಯಾವ ವೇರಿಯಬಲ್ಲಿನಲ್ಲೂ ಹಿಡಿದಿಟ್ಟಿಲ್ಲ. ಇದು ಹುಡುಗರ ತಪ್ಪು ಎಂದು ನಾನು ಹೇಳಲಾರೆ. ಓಡಿದರೆ ಸಾಕು, ರೀಡ್ ಕೊಟ್ಟ ಉತ್ತರ ನೋಡಬೇಕಿಲ್ಲ ಎಂದು ಕಲಿಸುವವರೂ ನಂಬಿದ್ದಾರೆ, ಹತ್ತಾರು ವರ್ಷ ಕೆಲಸ ಮಾಡಿದ ಪ್ರೋಗ್ರಾಮರುಗಳೂ ಹಾಗೇ ನಂಬಿದ್ದಾರೆ. ಆ ನಂಬಿಕೆ ಸುಳ್ಳು, ಅಪಾಯಕಾರಿ. ಅದನ್ನು ಬುಡಸಮೇತ ಕೀಳಬೇಕೆಂದೇ ಈ ಲೇಖನ ಬರೆಯುತ್ತಿದ್ದೇನೆ.

ಮೊದಲು ಆ ಪಕ್ಷವನ್ನು ನ್ಯಾಯವಾಗಿ ಹೇಳಿಬಿಡುತ್ತೇನೆ. ಅದಕ್ಕೆ ಮೂರು ವಾದಗಳಿವೆ. ಒಂದು: ಡಿಸ್ಕಿನ ಮೇಲಿರುವ ಮಾಮೂಲಿ ಫೈಲನ್ನು ಓದುವಾಗ ಕೇಳಿದಷ್ಟೂ ಒಂದೇ ಏಟಿಗೆ ಸಿಗುತ್ತದೆ, ಆದ್ದರಿಂದ ಒಂದು ಕರೆ ಸಾಕು. ಎರಡು: ಎಡವಟ್ಟಾದರೆ ಮೈನಸ್ ಒಂದು ಬರುತ್ತದೆ, ಯಾವ ಎಡವಟ್ಟು ಎಂಬುದರ ಪಟ್ಟಿ ಮ್ಯಾನ್ಯುಯಲ್ಲಿನಲ್ಲಿದೆ, ಪಟ್ಟಿಯಲ್ಲಿಲ್ಲದ್ದು ನಡೆಯುವುದಿಲ್ಲ. ಮೂರು: ಯುನಿಕ್ಸ್ ಮಾದರಿಯ ಸಿಸ್ಟಮ್ಮುಗಳು ಹೇಗೆ ನಡೆದುಕೊಳ್ಳಬೇಕೆಂದು ಹೇಳುವ ಪೋಸಿಕ್ಸ್ ಮಾನಕ ಪರೀಕ್ಷೆಗೆ ಓದುವ ಪುಸ್ತಕದ ವಿಷಯ, ನಿಜವಾದ ಮಾನಕ ಎಂದರೆ ನಮ್ಮ ಲಿನಕ್ಸ್ ಯಂತ್ರ ಏನು ಮಾಡುತ್ತದೋ ಅದು.

ಮಾತಿಗಿಂತ ಮೊದಲು ಒಂದು ಪ್ರಯೋಗ ಮಾಡೋಣ. ನಮ್ಮೂರು ಮೆಹಕರ, ಭಾಲ್ಕಿ ತಾಲ್ಲೂಕು. ‘ಮೆಹಕರ’ ಎಂಬ ಪದವನ್ನು ಕಂಪ್ಯೂಟರಿನಲ್ಲಿ ಯುಟಿಎಫ್-8 ಕ್ರಮದಲ್ಲಿ ಬರೆದರೆ ಐದು ಸಂಕೇತಗಳಾಗುತ್ತವೆ: ಮ, ಎತ್ವ, ಹ, ಕ, ರ. ಕನ್ನಡದ ಒಂದೊಂದು ಸಂಕೇತವೂ ಮೂರು ಬೈಟು ಹಿಡಿಯುತ್ತದೆ. ಒಟ್ಟು 15 ಬೈಟು, ಸಾಲು ಮುಗಿಸುವ ಗುರುತಿಗೆ ಒಂದು, ಅಲ್ಲಿಗೆ 16. ಈ ಒಂದೇ ಪದವನ್ನು ಸಾವಿರ ಸಾಲು ಬರೆದು, ನಮ್ಮ ಲ್ಯಾಬುಗಳಲ್ಲಿ ರೂಢಿಯಾದ 4096 ಬೈಟಿನ ಬಫರಿನಲ್ಲಿ ತುಂಡುತುಂಡಾಗಿ ಓದಿ, ಪ್ರತಿ ತುಂಡನ್ನೂ ಬೇರೆಬೇರೆಯಾಗಿ ಅಕ್ಷರಕ್ಕೆ ಪರಿವರ್ತಿಸಿ ನೋಡಿ. ಎಲ್ಲ ಸರಿಯಾಗಿ ಬರುತ್ತದೆ. 4096ನ್ನು 16ರಿಂದ ಭಾಗಿಸಿದರೆ ಸರಿಯಾಗಿ 256. ಪ್ರತಿ ತುಂಡೂ ಸಾಲಿನ ತುದಿಯಲ್ಲೇ ಮುಗಿಯುತ್ತದೆ.

ಈಗ ಅದೇ ಪ್ರೋಗ್ರಾಮಿಗೆ ‘ಭಾಲ್ಕಿ’ ಕೊಡಿ. ಆರು ಸಂಕೇತ, 18 ಬೈಟು, ಸಾಲಿನ ಗುರುತು ಸೇರಿ 19. ಮೊದಲ ತುಂಡಿನಲ್ಲಿ 215 ಭಾಲ್ಕಿಗಳು 4085 ಬೈಟು ತಿಂದವು, ಉಳಿದದ್ದು 11. ಭಾಲ ಎಂಬಷ್ಟಕ್ಕೆ ಒಂಬತ್ತು, ಲಕಾರದ ನಂತರದ ಹಲಂತ ಚಿಹ್ನೆಯ ಮೂರು ಬೈಟಿನಲ್ಲಿ ಎರಡು. ಅಲ್ಲಿ ಕತ್ತರಿ ಬಿತ್ತು. ಪರದೆಯ ಮೇಲೆ 216ನೆಯ ಭಾಲ್ಕಿಯ ನಡುವೆ ಪ್ರಶ್ನಾರ್ಥಕವಿರುವ ಕಪ್ಪು ವಜ್ರಾಕೃತಿ ಕುಳಿತಿರುತ್ತದೆ. ‘ಬೀದರ’ ಕೊಟ್ಟರೂ ಅಷ್ಟೆ, ‘ಔರಾದ’ ಕೊಟ್ಟರೂ ಅಷ್ಟೆ. ಎರಡೂ ಸಾಲಿಗೆ 13 ಬೈಟು. 315 ಸಾಲಾದ ಮೇಲೆ ಮುಂದಿನ ಹೆಸರಿನ ಮೊದಲ ಅಕ್ಷರದ ಒಂದೇ ಒಂದು ಬೈಟು ಒಳಗೆ, ಉಳಿದೆರಡು ಹೊರಗೆ.

ಮೆಹಕರದಲ್ಲಿ ಪಾಸಾದ ಪ್ರೋಗ್ರಾಮು ಭಾಲ್ಕಿಯಲ್ಲಿ ಬಿದ್ದದ್ದೇಕೆ? ಮೆಹಕರದಲ್ಲಿ ಅದು ಸರಿಯಾಗಿತ್ತು ಎಂಬುದೇ ಭ್ರಮೆ. ಅಂಕಿಗಳ ಒಂದು ಹೊಂದಾಣಿಕೆ ಅದನ್ನು ಕಾಪಾಡಿತ್ತು, ಅಷ್ಟೇ. ಆ ಹೊಂದಾಣಿಕೆಯೂ ಗಟ್ಟಿಯಲ್ಲ. ಅದೇ ಮೆಹಕರದ ಸಾಲುಗಳು ಫೈಲಿನ ಬದಲು ಪೈಪಿನಿಂದ ಬಂದು, ಆ ಕ್ಷಣಕ್ಕೆ 1000 ಬೈಟು ಮಾತ್ರ ತಯಾರಿದ್ದರೆ ರೀಡ್ 1000 ಕೊಟ್ಟು ತನ್ನ ಕೆಲಸ ಮುಗಿಯಿತೆನ್ನುತ್ತದೆ. 62 ಸಾಲು, ಮೇಲೆ ಎಂಟು ಬೈಟು. ‘ಮೆ’ ಬಂತು, ‘ಹ’ ತುಂಡಾಯಿತು. ಇದು ಎರರ್ ಅಲ್ಲ. ಮಾನಕದ ಪ್ರಕಾರ ಇದು ಯಶಸ್ವಿ ಓದು.

ಮೊದಲ ವಾದ ಮುರಿಯುವುದು ಇಲ್ಲೇ. ರೀಡ್‌ಗೆ ನಾವು ಕೊಡುವ ಸಂಖ್ಯೆ ಗರಿಷ್ಠ ಮಿತಿ. ‘ಇಷ್ಟರವರೆಗೆ ಕೊಡು’ ಎಂಬುದೇ ಅದರ ಅರ್ಥ. ಫೈಲಿನಲ್ಲಿ ಅಷ್ಟು ಉಳಿದಿಲ್ಲದಿದ್ದರೆ, ನಡುವೆ ಸಿಗ್ನಲ್ ಬಂದು ತಡೆದರೆ, ಪೈಪು ಅಥವಾ ಸಾಧನದಲ್ಲಿ ಅಷ್ಟು ತಯಾರಿರದಿದ್ದರೆ ಕಡಿಮೆ ಬರಬಹುದು ಎಂದು ಮಾನಕ ಸ್ಪಷ್ಟವಾಗಿ ಬರೆದಿದೆ. “ನಮ್ಮದು ಮಾಮೂಲಿ ಫೈಲು, ಪೈಪಲ್ಲ” ಎನ್ನುವವರಿಗೆ ನಾನು ಕೇಳುವುದಿಷ್ಟು: ನಿಮ್ಮ ಪ್ರೋಗ್ರಾಮಿಗೆ ಅದು ಗೊತ್ತೇ? ಇವತ್ತು ಫೈಲಿನಿಂದ ಓದಿದ ಪ್ರೋಗ್ರಾಮಿಗೆ ನಾಳೆ ಯಾರೋ ಶೆಲ್ಲಿನಲ್ಲಿ ಒಂದು ಗೆರೆ ಹಾಕಿ ಪೈಪು ಜೋಡಿಸುತ್ತಾರೆ. ನಾಡಿದ್ದು ಆ ಫೈಲು ಇನ್ನೊಂದು ಊರಿನ ಸರ್ವರಿನ ಮೇಲಿರುತ್ತದೆ. ಯುನಿಕ್ಸ್ ಕಟ್ಟಿದವರು ಎಲ್ಲವನ್ನೂ ಒಂದೇ ಬಾಗಿಲಿನಿಂದ ಓದುವಂತೆ ಮಾಡಿದ್ದೇ ಅದರ ದೊಡ್ಡಸ್ತಿಕೆ. ಆ ಬಾಗಿಲಿನ ಹಿಂದೆ ಏನಿದೆ ಎಂದು ಊಹಿಸಿ ಬರೆದ ಪ್ರೋಗ್ರಾಮು ಆ ದೊಡ್ಡಸ್ತಿಕೆಯನ್ನೇ ಹಾಳು ಮಾಡುತ್ತದೆ. ಅಪ್ಪಟ ಡಿಸ್ಕಿನ ಫೈಲಿಗೂ ಮಿತಿಯಿದೆ: ಲಿನಕ್ಸಿನಲ್ಲಿ ಒಂದು ರೀಡ್ ಎಷ್ಟೇ ಕೇಳಿದರೂ 2,147,479,552 ಬೈಟಿಗಿಂತ ಹೆಚ್ಚು ಕೊಡುವುದಿಲ್ಲ. ಮೂರು ಜಿಬಿ ಕೇಳಿದವನಿಗೆ ಎರಡು ಜಿಬಿ ಮುಟ್ಟುವ ಮೊದಲೇ ಉತ್ತರ ಬರುತ್ತದೆ, ಎರರ್ ಇಲ್ಲದೆ.

ಎರಡನೆಯ ವಾದ ಹೆಚ್ಚು ಗಂಭೀರವಾದದ್ದು. ಏಕೆಂದರೆ ಅದು ಮಾನಕವನ್ನು ಓದಿದವರ ವಾದ, ತಪ್ಪಾಗಿ ಓದಿದವರ ವಾದ.

ಒಂದು ಶಾಸನಗ್ರಂಥವನ್ನು ಹೇಗೆ ಓದಬೇಕು ಎಂಬುದನ್ನು ನಮ್ಮ ಬೀದರ ಜಿಲ್ಲೆಗೆ ಹೊರಗಿನವರು ಬಂದು ಹೇಳಿಕೊಡಬೇಕಾಗಿಲ್ಲ. ಇಂದಿನ ಬಸವಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯ ಆಳುತ್ತಿದ್ದಾಗ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ. ಒಂದೊಂದು ಪದಕ್ಕೆ ಎಷ್ಟು ತೂಕ, ಯಾವುದು ವಿಧಿ, ಯಾವುದು ಅನುಮತಿ ಎಂದು ಜಾಲಾಡಿದ. ಅವನ ಓದಿನ ಪ್ರಕಾರ ಮಗನಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹಕ್ಕು ಹುಟ್ಟಿನಿಂದಲೇ ಬರುತ್ತದೆ. ಬಂಗಾಳದಲ್ಲಿ ಜೀಮೂತವಾಹನನ ದಾಯಭಾಗ ಬೇರೆ ರೀತಿ ಓದಿತು. ಅಲ್ಲಿ ಹಕ್ಕು ತಂದೆಯ ಮರಣದ ನಂತರ. ಶತಮಾನಗಳ ಕಾಲ ಕೋಟ್ಯಂತರ ಜನರ ಹೊಲಮನೆಗಳು ಈ ಎರಡು ಓದುಗಳ ಪ್ರಕಾರ ಹಂಚಿಕೆಯಾದವು. ಪದದ ಅರ್ಥ ಪಂಡಿತರ ಜಗಳ ಮಾತ್ರ ಎನ್ನುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಪೋಸಿಕ್ಸನ್ನೂ ಹೀಗೇ ಪದಪದ ತೂಗಿ ಓದಬೇಕು. ಅದು ಮೊದಲು ಪ್ರಕಟವಾದದ್ದು 1988ರಲ್ಲಿ. ತೀರಾ ಈಚಿನ ಆವೃತ್ತಿ 2024ರದು. ಅದರಲ್ಲಿ ಎರಡು ಪುಟ್ಟ ಇಂಗ್ಲಿಷ್ ಪದಗಳಿವೆ: ‘ಶಲ್’ ಮತ್ತು ‘ಮೇ’. ಶಲ್ ಎಂದರೆ ವಿಧಿ. ಆಪರೇಟಿಂಗ್ ಸಿಸ್ಟಮ್ ಮಾಡಲೇಬೇಕು. ಮೇ ಎಂದರೆ ಅನುಮತಿ. ಮಾಡಿದರೂ ಸರಿ, ಬಿಟ್ಟರೂ ಸರಿ. ಪ್ರತಿ ಕರೆಯ ಎರರುಗಳನ್ನೂ ಹೀಗೇ ಎರಡು ಪಟ್ಟಿ ಮಾಡಿದ್ದಾರೆ: ಈ ಸಂದರ್ಭದಲ್ಲಿ ವಿಫಲವಾಗಲೇಬೇಕು, ಈ ಸಂದರ್ಭದಲ್ಲಿ ವಿಫಲವಾಗಬಹುದು. ನಮ್ಮವರು ಎರಡನೆಯ ಪಟ್ಟಿಯನ್ನು ‘ಅಪರೂಪಕ್ಕೆ ನಡೆಯುವಂಥದ್ದು, ಬಿಟ್ಟರೂ ನಡೆದೀತು’ ಎಂದು ಓದುತ್ತಾರೆ. ಇದು ಘೋರ ತಪ್ಪು ಓದು. ಅನುಮತಿ ಸಿಕ್ಕಿರುವುದು ಸಿಸ್ಟಮ್ ಕಟ್ಟುವವನಿಗೆ. ಪ್ರೋಗ್ರಾಮು ಬರೆಯುವವನಿಗೆ ಅದೇ ಪದ ಹೊರೆಯಾಗುತ್ತದೆ: ಎರರ್ ಬಂದರೂ ನಿಭಾಯಿಸಬೇಕು, ಬಾರದಿದ್ದರೆ ಎಲ್ಲ ಸರಿಯಿದೆ ಎಂದು ನಂಬಲೂ ಬಾರದು.

ರೀಡ್ ಕರೆಯ ಆ ಎರಡನೆಯ ಪಟ್ಟಿಯಲ್ಲಿ ಏನಿದೆ ಗೊತ್ತೇ? ‘ಇ-ಐಓ’, ಅಂದರೆ ಸಾಧನದಲ್ಲೇ ಉಂಟಾದ ಭೌತಿಕ ದೋಷ. ಡಿಸ್ಕು ಹಾಳಾಗಿ ಬೈಟುಗಳು ಕೆಟ್ಟಿದ್ದರೆ ರೀಡ್ ವಿಫಲವಾಗ‘ಬಹುದು’. ಆಗಲೇಬೇಕು ಎಂದಿಲ್ಲ. ಕೊಳೆತ ಡಿಸ್ಕು ತನ್ನ ಕೊಳೆತವನ್ನು ತಾನೇ ಹೇಳುತ್ತದೆ ಎಂಬ ಭರವಸೆಯನ್ನು ಮಾನಕ ಎಲ್ಲೂ ಕೊಟ್ಟಿಲ್ಲ. ಹಾಗಿದ್ದ ಮೇಲೆ ‘ಮೈನಸ್ ಒಂದು ಬರಲಿಲ್ಲ, ಆದ್ದರಿಂದ ದತ್ತಾಂಶ ಶುದ್ಧ’ ಎಂಬ ತರ್ಕಕ್ಕೆ ಆಧಾರವೆಲ್ಲಿದೆ? ಬೆಲೆಯುಳ್ಳ ದತ್ತಾಂಶದ ಜೊತೆಗೆ ಅದರ ಚೆಕ್‌ಸಮ್ ಬರೆದಿಡಬೇಕು, ಓದಿದ ಮೇಲೆ ತಾಳೆ ನೋಡಬೇಕು ಎನ್ನುವುದು ಅತಿಜಾಗರೂಕರ ಚಟವಲ್ಲ. ಮಾನಕವನ್ನು ಸರಿಯಾಗಿ ಓದಿದವನಿಗೆ ಬೇರೆ ದಾರಿಯೇ ಇಲ್ಲ.

ಪಟ್ಟಿಯಲ್ಲಿಲ್ಲದ್ದು ನಡೆಯುವುದಿಲ್ಲ ಎಂಬುದಂತೂ ನೇರವಾಗಿ ಮಾನಕಕ್ಕೆ ವಿರುದ್ಧ. ಅದರ ಎರರ್ ಸಂಖ್ಯೆಗಳ ಅಧ್ಯಾಯದಲ್ಲಿ, ನಿರ್ದಿಷ್ಟವಾಗಿ ನಿಷೇಧಿಸದ ಹೊರತು ಸಿಸ್ಟಮ್ ಹೆಚ್ಚುವರಿ ಎರರುಗಳನ್ನು ಕೊಡಬಹುದು ಎಂದಿದೆ. ವಿವರಿಸಿದ ಸಂದರ್ಭಕ್ಕೆ ಬೇರೆ ಸಂಖ್ಯೆ ಕೊಡುವಂತಿಲ್ಲ. ವಿವರಿಸದ ಸಂದರ್ಭಕ್ಕೆ ಹೊಸದನ್ನು ಕೊಡಲು ಅಡ್ಡಿಯಿಲ್ಲ. ಒಂದೇ ಕರೆಯಲ್ಲಿ ಎರಡು ತಪ್ಪು ಕೂಡಿದ್ದರೆ ಯಾವುದನ್ನು ಮೊದಲು ಹೇಳಬೇಕೆಂಬ ಕ್ರಮವೂ ಇಲ್ಲ. ಹೀಗಿರುವಾಗ ಐದು ಎರರುಗಳ ಹೆಸರು ಬರೆದು ಸ್ವಿಚ್ ಕಟ್ಟಿ, ಆರನೆಯದು ಬಂದರೆ ಏನೂ ಆಗಿಲ್ಲವೆಂಬಂತೆ ಮುಂದೆ ಸಾಗುವ ಪ್ರೋಗ್ರಾಮನ್ನು ಯಾವ ಬಾಯಿಂದ ಸರಿ ಎನ್ನುವುದು?

ಇನ್ನೊಂದು ಪ್ರಚಲಿತ ಜಾಣತನವಿದೆ. ಫೈಲು ಓದಲು ಯೋಗ್ಯವೇ ಎಂದು ತಿಳಿಯಲು ಸೊನ್ನೆ ಬೈಟು ಕೇಳಿ ರೀಡ್ ಕರೆಯುವುದು. ಸೊನ್ನೆ ಬಂದರೆ ಎಲ್ಲ ಸರಿ ಎಂದುಕೊಳ್ಳುವುದು. ಸೊನ್ನೆ ಬೈಟಿನ ಓದಿನಲ್ಲಿ ಎರರನ್ನು ಪತ್ತೆ ಮಾಡ‘ಬಹುದು’ ಎಂದಷ್ಟೇ ಮಾನಕದಲ್ಲಿದೆ. ಪತ್ತೆ ಮಾಡದ ಸಿಸ್ಟಮ್ಮೂ ಸೊನ್ನೆಯನ್ನೇ ಕೊಡುತ್ತದೆ. ಆ ಸೊನ್ನೆಯಿಂದ ತಿಳಿಯುವುದೂ ಸೊನ್ನೆಯೇ. ‘ಎರ್‌ನೋ’ ವಿಷಯವೂ ಹೀಗೆಯೇ. ಯಾವ ಎರರ್ ಎಂದು ಸಂಖ್ಯೆಯಲ್ಲಿ ಹೇಳುವ ವೇರಿಯಬಲ್ ಅದು. ಕರೆ ವಿಫಲವಾದಾಗ ಮಾತ್ರ ಅದಕ್ಕೆ ಅರ್ಥ. ಯಾವ ಕರೆಯೂ ಅದನ್ನು ಸೊನ್ನೆಗೆ ತಿರುಗಿಸುವುದಿಲ್ಲ. ಯಶಸ್ವಿ ಓದಿನ ನಂತರ ಎರ್‌ನೋ ನೋಡುವವನು ಹಿಂದೆಂದೋ ನಡೆದ ಬೇರೆ ತಪ್ಪಿಗೆ ಇಂದಿನ ಓದನ್ನು ದೂರುತ್ತಾನೆ.

ಮೂರನೆಯ ವಾದಕ್ಕೆ ಬರೋಣ. ಲಿನಕ್ಸ್ ಏನು ಮಾಡುತ್ತದೋ ಅದೇ ಮಾನಕವಂತೆ. ಎರಡು ಜಿಬಿಗಿಂತ ಹೆಚ್ಚು ಕೇಳಿದರೆ ಲಿನಕ್ಸ್ ಕಡಿಮೆ ಕೊಟ್ಟು ಸುಮ್ಮನಾಗುತ್ತದೆ. ಮ್ಯಾಕ್ ಯಂತ್ರದಲ್ಲಿ ಅದೇ ಕರೆಗೆ ಎರರ್ ಬರುತ್ತದೆ. ಅದು ದೂರದ ಮಾತು ಎನ್ನುವುದಾದರೆ ಲಿನಕ್ಸಿನ ಒಳಗೇ ನೋಡಿ. ಗೋ ಭಾಷೆಯ 1.14ನೆಯ ಆವೃತ್ತಿ 2020ರ ಫೆಬ್ರುವರಿಯಲ್ಲಿ ಬಂತು. ಅದರ ಒಳಗಿನ ವ್ಯವಸ್ಥೆ ತನ್ನದೇ ಕಾರಣಕ್ಕೆ ಸಿಗ್ನಲ್ ಕಳಿಸತೊಡಗಿತು. ಅಲ್ಲಿಯವರೆಗೆ ಎಂದೂ ‘ಇ-ಇಂಟರ್’ ಕಾಣದ ಪ್ರೋಗ್ರಾಮುಗಳು, ಒಂದು ಸಾಲೂ ಬದಲಾಗದೆ, ಸಿಗ್ನಲಿನಿಂದ ಕರೆಗೆ ತಡೆಯಾಯಿತೆಂಬ ಆ ಎರರ್ ಕಾಣತೊಡಗಿದವು. ಯಂತ್ರ ಅದೇ, ಕರ್ನಲ್ ಅದೇ. ‘ನಮ್ಮ ಯಂತ್ರದಲ್ಲಿ ಎಂದೂ ಬಂದಿಲ್ಲ’ ಎಂಬ ಅನುಭವ ಒಂದೇ ದಿನದಲ್ಲಿ ಬೆಲೆ ಕಳೆದುಕೊಂಡಿತು. ಪೈಥಾನ್ ಭಾಷೆ 2015ರಲ್ಲಿ, 3.5ನೆಯ ಆವೃತ್ತಿಯಲ್ಲಿ, ಇ-ಇಂಟರ್ ಬಂದರೆ ತಾನೇ ಮತ್ತೆ ಕರೆಯುವ ಹೊಣೆ ಹೊತ್ತುಕೊಂಡಿತು. ಬಳಸುವವರೆಲ್ಲ ತಾವೇ ನೋಡಿಕೊಳ್ಳುತ್ತಾರೆಂಬ ನಿರೀಕ್ಷೆ ಫಲಿಸಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆಗ ಎದುರು ಪಕ್ಷ ಮಗ್ಗುಲು ಬದಲಿಸಿ ಹೇಳುತ್ತದೆ: ‘ಸರಿ, ಇ-ಇಂಟರ್ ಬಂದರೆ ಲೂಪು ಹಾಕಿ ಮತ್ತೆ ಕರೆದರಾಯಿತು.’ ಓದಿಗೆ ಈ ಮದ್ದು ಸರಿ. ಸಿಗ್ನಲ್ ಬರುವ ಮೊದಲೇ ಒಂದಷ್ಟು ಓದಿಯಾಗಿದ್ದರೆ, 1988ರ ಪಠ್ಯ, ಓದಿದ ಬೈಟುಗಳ ಎಣಿಕೆ ಕೊಡುವುದಕ್ಕೂ ಮೈನಸ್ ಒಂದು ಕೊಡುವುದಕ್ಕೂ ಅವಕಾಶ ಬಿಟ್ಟಿತ್ತು. ನಂತರ ತಿದ್ದಿ, ಎಣಿಕೆಯನ್ನೇ ಕೊಡಬೇಕೆಂದು ವಿಧಿಸಿದರು. ಹಾಗಾಗಿ ರೀಡ್ ಇ-ಇಂಟರ್ ಕೊಟ್ಟರೆ ಏನೂ ಓದಿಲ್ಲವೆಂದು ಅರ್ಥ, ಮತ್ತೆ ಕರೆಯಬಹುದು. ಆದರೆ ಅದೇ ಮದ್ದನ್ನು ಫೈಲು ಮುಚ್ಚುವ ‘ಕ್ಲೋಸ್’ ಕರೆಗೆ ಹಾಕಿದರೆ ವಿಷವಾಗುತ್ತದೆ. ಕ್ಲೋಸ್ ಇ-ಇಂಟರ್ ಕೊಟ್ಟರೆ ಫೈಲು ಮುಚ್ಚಿದೆಯೋ ತೆರೆದಿದೆಯೋ ಎಂಬುದನ್ನು 2008ರ ಮಾನಕ ಅನಿರ್ದಿಷ್ಟವಾಗಿ ಬಿಟ್ಟಿತ್ತು. ಲಿನಕ್ಸಿನಲ್ಲಿ ಅಷ್ಟರಲ್ಲಿ ಅದು ಮುಚ್ಚಿಯೇ ಆಗಿರುತ್ತದೆ, ಎಚ್‌ಪಿ-ಯುಎಕ್ಸ್‌ನಲ್ಲಿ ತೆರೆದೇ ಇರುತ್ತಿತ್ತು. ಲಿನಕ್ಸಿನಲ್ಲಿ ಎರಡನೆಯ ಸಲ ಕ್ಲೋಸ್ ಕರೆದರೆ, ಆ ನಡುವೆ ಇನ್ನೊಂದು ಥ್ರೆಡ್ ಅದೇ ಸಂಖ್ಯೆಯಲ್ಲಿ ತೆರೆದ ಬೇರೆ ಫೈಲು ಮುಚ್ಚಿಹೋಗಬಹುದು. ಈ ಗೊಂದಲ ಬಿಡಿಸಲೆಂದೇ 2024ರ ಆವೃತ್ತಿಯಲ್ಲಿ ‘ಪೋಸಿಕ್ಸ್_ಕ್ಲೋಸ್’ ಎಂಬ ಹೊಸ ಕರೆ ಸೇರಿಸಬೇಕಾಯಿತು. ಒಂದೊಂದು ಕರೆಯ ಪಠ್ಯವನ್ನೂ ಪ್ರತ್ಯೇಕವಾಗಿ ಓದದೆ ಬೇರೆ ಉಪಾಯವಿಲ್ಲ.

ಊಹೆಗೆ ತೆರಬೇಕಾದ ಬೆಲೆ ಎಷ್ಟು ಎಂಬುದನ್ನು 2018ರ ಮಾರ್ಚಿನಲ್ಲಿ ಇಡೀ ಜಗತ್ತು ಕಂಡಿತು. ಪೋಸ್ಟ್‌ಗ್ರೆಸ್ ಎಂಬ ಹೆಸರಾಂತ ಡೇಟಾಬೇಸ್, ಬರೆದದ್ದನ್ನು ಡಿಸ್ಕಿಗೆ ಇಳಿಸುವ ‘ಎಫ್‌ಸಿಂಕ್’ ಕರೆ ವಿಫಲವಾದರೆ, ಸ್ವಲ್ಪ ಹೊತ್ತಿನ ನಂತರ ಮತ್ತೆ ಕರೆಯುತ್ತಿತ್ತು. ಎರಡನೆಯ ಸಲ ಯಶಸ್ಸು ಬಂದರೆ ಎಲ್ಲ ಇಳಿಯಿತು ಎಂದುಕೊಳ್ಳುತ್ತಿತ್ತು. ಆದರೆ ಲಿನಕ್ಸ್, ಡಿಸ್ಕಿಗೆ ಬರೆಯಲಾಗದಿದ್ದಾಗ, ಆ ದತ್ತಾಂಶವಿದ್ದ ಮೆಮೊರಿ ಪುಟಗಳ ಮೇಲಿನ ‘ಇನ್ನೂ ಬರೆಯಬೇಕು’ ಎಂಬ ಗುರುತನ್ನೇ ಅಳಿಸಿಬಿಡುತ್ತಿತ್ತು. ಎರಡನೆಯ ಯಶಸ್ಸಿಗೆ ಅರ್ಥವೇ ಇರಲಿಲ್ಲ, ದತ್ತಾಂಶ ಹೋಗಿರಬಹುದಿತ್ತು. ಎಫ್‌ಸಿಂಕ್ ವಿಫಲವಾದರೆ ಬಾಕಿ ಕೆಲಸ ಮುಗಿದಿದೆಯೆಂಬ ಖಾತರಿಯಿಲ್ಲ ಎಂದಷ್ಟೇ ಮಾನಕ ಹೇಳಿತ್ತು. ಮತ್ತೆ ಕರೆದರೆ ಖಾತರಿ ಮರಳಿ ಬರುತ್ತದೆ ಎಂದು ಅದು ಹೇಳಿರಲಿಲ್ಲ. ಆ ವಾಕ್ಯವನ್ನು ಪ್ರೋಗ್ರಾಮರುಗಳು ತಾವೇ ಮನಸ್ಸಿನಲ್ಲಿ ಬರೆದುಕೊಂಡಿದ್ದರು. 2019ರ ಫೆಬ್ರುವರಿಯಲ್ಲಿ ತಿದ್ದಿದ ಆವೃತ್ತಿ ಬಂತು: ಎಫ್‌ಸಿಂಕ್ ವಿಫಲವಾದರೆ ಡೇಟಾಬೇಸ್ ತನ್ನನ್ನು ತಾನೇ ನಿಲ್ಲಿಸಿಕೊಂಡು, ಲಾಗಿನಿಂದ ಮರುಜೀವ ಪಡೆಯುತ್ತದೆ. ಅಷ್ಟು ಪಳಗಿದ ಕೈಗಳು ಬರೆಯದ ಮಾತನ್ನು ಭರವಸೆಯೆಂದು ಓದಿ ವರ್ಷಗಟ್ಟಲೆ ಅಪಾಯದಲ್ಲಿದ್ದವೆಂದರೆ, ‘ನಡೀತದ ಬಿಡ್ರಿ’ ಎನ್ನುವ ನಾವು ಯಾವ ಧೈರ್ಯದ ಮೇಲಿದ್ದೇವೆ?

ಈ ಚರ್ಚೆ ಬೆಂಗಳೂರಿನ ದೊಡ್ಡ ಕಂಪನಿಗಳಿಗೆ ಸೇರಿದ್ದು, ಗಡಿಯ ಹಳ್ಳಿಗಳಿಗೆ ಏನು ಸಂಬಂಧ ಎನ್ನುವವರಿದ್ದಾರೆ. ಸಂಬಂಧ ಬಹಳ ಹತ್ತಿರದ್ದು. ಇವತ್ತು ನಮ್ಮ ಪಹಣಿ, ಪಡಿತರ, ಪಿಂಚಣಿ, ವಿಮೆ ಎಲ್ಲವೂ ಫೈಲುಗಳಲ್ಲಿವೆ. ಎಲ್ಲವನ್ನೂ ಯಾವುದೋ ಪ್ರೋಗ್ರಾಮು ಓದಬೇಕು. ಸಿ ಭಾಷೆಯ ಲ್ಯಾಬುಗಳಲ್ಲಿ ‘ಎಫ್ಇಓಎಫ್ ಬರುವವರೆಗೆ ಓದು’ ಎಂದು ಲೂಪು ಬರೆಯುವ ರೂಢಿಯಿದೆ. ಫೈಲು ಮುಗಿಯಿತೆಂಬುದು ಒಂದು ಓದು ವಿಫಲವಾದ ಮೇಲಷ್ಟೇ ಎಫ್ಇಓಎಫ್‌ಗೆ ಗೊತ್ತಾಗುತ್ತದೆ. ಆ ಲೂಪಿನಲ್ಲಿ ಕೊನೆಯ ಸಾಲು ಎರಡು ಸಲ ಬರುತ್ತದೆ. ವಿದ್ಯಾರ್ಥಿಯ ರೆಕಾರ್ಡ್ ಪುಸ್ತಕದಲ್ಲಿ ಅದು ಚಿಕ್ಕ ತಪ್ಪು. ಹಣ ಹಂಚುವ ಪಟ್ಟಿಯಲ್ಲಿ ಅದು ಒಬ್ಬರಿಗೆ ಎರಡು ಸಲ ಸಂದಾಯ. ಓದು ನಡುವೆ ನಿಂತದ್ದನ್ನು ‘ಫೈಲು ಮುಗಿಯಿತು’ ಎಂದು ತಿಳಿದರೆ, ಪಟ್ಟಿಯ ಕೆಳಗಿನ ಅರ್ಧ ಜನರಿಗೆ ಏನೂ ಇಲ್ಲ. ಅವರು ಕಚೇರಿಯ ಕಿಟಕಿಗೆ ಬಂದು ನಿಂತಾಗ ಸಿಗುವ ಉತ್ತರ: ‘ಕಂಪ್ಯೂಟರಿನಲ್ಲಿ ನಿಮ್ಮ ಹೆಸರಿಲ್ಲ.’ ಓದಲಾಗಲಿಲ್ಲ ಎಂಬುದಕ್ಕೂ ಇಲ್ಲ ಎಂಬುದಕ್ಕೂ ಇರುವ ಅಂತರವನ್ನು ಅಳಿಸಿದ್ದು ಕಂಪ್ಯೂಟರಲ್ಲ. ಮೈನಸ್ ಒಂದನ್ನೂ ಸೊನ್ನೆಯನ್ನೂ ಒಂದೇ ಎಂದು ಬರೆದ ಪ್ರೋಗ್ರಾಮರ್.

ಅಕ್ಷರದ ವಿಷಯದಲ್ಲಂತೂ ನಮಗೆ ಹೆಚ್ಚಿನ ಹೊಣೆಯಿದೆ. ಇಂಗ್ಲಿಷಿನ ಅಕ್ಷರ ಒಂದೇ ಬೈಟು. ಎಲ್ಲಿ ಕತ್ತರಿಸಿದರೂ ಅಕ್ಷರ ಇಡಿಯಾಗಿರುತ್ತದೆ. ಅಸಡ್ಡೆಯ ಓದು ಇಂಗ್ಲಿಷಿನಲ್ಲಿ ಬಚ್ಚಿಟ್ಟುಕೊಂಡು, ಕನ್ನಡದಲ್ಲಿ ಹೊರಬೀಳುತ್ತದೆ. ಆಗ ‘ಕನ್ನಡ ಹಾಕಿದರೆ ತೊಂದರೆ, ಇಂಗ್ಲಿಷಿನಲ್ಲೇ ಹೆಸರು ಬರೆಯಿರಿ’ ಎಂಬ ಸಲಹೆ ಬರುತ್ತದೆ. ನಿಜಾಮರ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ನೆಲವಿದು. ಅಷ್ಟು ಕಷ್ಟದಲ್ಲಿ ಉಳಿಸಿಕೊಂಡ ಅಕ್ಷರವನ್ನು ಒಂದು ಲೂಪು ಬರೆಯಲಾರದ ಸೋಮಾರಿತನಕ್ಕೆ ಬಿಟ್ಟುಕೊಡುವುದನ್ನು ನಾನು ಒಪ್ಪಲಾರೆ.

ಪರಿಹಾರ ಕಷ್ಟದ್ದಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಯುನಿಕ್ಸ್ ಪಠ್ಯಕ್ರಮದ ಮೊದಲ ಘಟಕದಲ್ಲೇ ಪೋಸಿಕ್ಸ್ ಮಾನಕವಿತ್ತು. ಅದನ್ನು ಇಸವಿ-ಹೆಸರುಗಳ ಇತಿಹಾಸವೆಂದು ಕಲಿಸಿ ಮುಗಿಸಿದವರು ನಾವು. ಅದರ ಜೊತೆಗೆ ಓದಲು ಹೇಳಿದ್ದ ಸ್ಟೀವನ್ಸ್ ಅವರ ಯುನಿಕ್ಸ್ ಪುಸ್ತಕದಲ್ಲಿ ಕೇಳಿದಷ್ಟು ಸಿಗುವವರೆಗೂ ಓದುವ ‘ರೀಡ್ಎನ್’ ಎಂಬ ಪುಟ್ಟ ಫಂಕ್ಷನ್ ಇದೆ; ಅದನ್ನು ಹಾರಿಸಿದವರೂ ನಾವೇ. ಉತ್ತರವನ್ನು ಹಿಡಿದಿಡಿ. ಧನಸಂಖ್ಯೆ ಬಂದರೆ ಅಷ್ಟನ್ನೇ ಬಳಸಿ, ಉಳಿದದ್ದಕ್ಕೆ ಮತ್ತೆ ಕೇಳಿ. ಸೊನ್ನೆ ಬಂದರೆ ಮಾತ್ರ ಮುಗಿಯಿತೆನ್ನಿ. ಇ-ಇಂಟರ್ ಬಂದರೆ ಮತ್ತೆ ಓದಿ. ಬೇರೆ ಯಾವುದೇ ಎರರ್ ಬಂದರೂ, ಅದರ ಹೆಸರು ನಿಮಗೆ ಗೊತ್ತಿರಲಿ ಬಿಡಲಿ, ಅಲ್ಲೇ ನಿಲ್ಲಿಸಿ, ಓದಲಾಗಲಿಲ್ಲವೆಂದು ಮನುಷ್ಯರಿಗೆ ತಿಳಿಯುವ ಮಾತಿನಲ್ಲಿ ಹೇಳಿ. ತುಂಡಿನ ತುದಿಯಲ್ಲಿ ಉಳಿದ ಅರ್ಧ ಅಕ್ಷರವನ್ನು ಮುಂದಿನ ತುಂಡಿಗೆ ಜೋಡಿಸಿ.

ಬೀದರ ಜಿಲ್ಲೆಯ ಕಾಲೇಜುಗಳಲ್ಲಿ ಈ ವಿಷಯ ಕಲಿಸುವ ಗೆಳೆಯರಲ್ಲಿ ನನ್ನದೊಂದು ಬೇಡಿಕೆ. ಉತ್ತರ ನೋಡದ ರೀಡ್ ಕರೆ ಇರುವ ಪ್ರೋಗ್ರಾಮಿಗೆ, ಅದು ಎಷ್ಟೇ ಚೆಂದ ಓಡಲಿ, ಇನ್ನು ಮುಂದೆ ಸಹಿ ಹಾಕಬೇಡಿ. ಪರೀಕ್ಷಿಸುವಾಗ ‘ಮೆಹಕರ’ ಒಂದನ್ನೇ ಬರೆಸಬೇಡಿ. ‘ಭಾಲ್ಕಿ’ಯನ್ನೂ ‘ಔರಾದ’ವನ್ನೂ ಬರೆಸಿ, ಪೈಪಿನಿಂದ ಓದಿಸಿ.